ಅಂಡ, ಮೊಟ್ಟೆ, ಬೀಜ: ಒಂದು ಶಬ್ದವಿಚಾರ

೧

ತರೀಕೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡವನ್ನು ಬೋಧಿಸುವ ಉಪಾಧ್ಯಾಯಿನಿಯೊಬ್ಬರು ಕೆಲವು ಕಾಲದ ಹಿಂದೆ ನನಗೆ ಒಂದು ಪ್ರಶ್ನೆಯನ್ನು ಹಾಕಿದರು. ಅವರ ಶಾಲೆಯ ವಿಜ್ಞಾನದ ಪಾಠದಲ್ಲಿ ಅಂಡಾಣು, ಅಂಡಾಶಯ ಎಂಬ ಶಬ್ದಗಳು ಬಂದಾಗ ತರಗತಿಯಲ್ಲಿ ಮಕ್ಕಳು ನಗುತ್ತಾರೆ; ದೇಶ್ಯವಾದ 'ಅಂಡು' ಎಂಬ ಶಬ್ದದ ಧ್ವನಿಸಾಮ್ಯವೇ ಅದಕ್ಕೆ ಕಾರಣವೆಂಬುದು ಸ್ಪಷ್ಟ. ಅದೇ ಮಕ್ಕಳು ಮನೆಯ ಹಿರಿಯರಿಂದ 'ಅಂಡವಾಯು' ಎಂಬ ಗಂಡಸರ ವ್ಯಾಧಿಯ ಹೆಸರನ್ನೂ, ಪುರಾಣಶ್ರವಣದಲ್ಲಿ 'ಬ್ರಹ್ಮಾಂಡ' ಎಂಬ ಶಬ್ದವನ್ನೂ ಕೇಳಿರುತ್ತಾರೆ. "ಒಂದೇ ಅಂಡಶಬ್ದವು ಲೋಕಕ್ಕೂ, ಗಂಡಸಿನ ಅವಯವಕ್ಕೂ, ಹೆಂಗಸಿನ ಅವಯವಕ್ಕೂ, ಕೋಳಿಯ ಮೊಟ್ಟೆಗೂ ಸಲ್ಲುವುದು ಹೇಗೆ, ಪಂಡಿತರೆ? ಮಕ್ಕಳಿಗೆ ಏನು ಹೇಳಲಿ?" ಎಂದು ಅವರು ಕೇಳಿದರು. ನಾನು ಅಮರಕೋಶವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವನಾದರೂ ಆ ಕ್ಷಣದಲ್ಲಿ ಸಮರ್ಪಕವಾದ ಉತ್ತರವನ್ನು ಕೊಡಲಾರದೆ ಹೋದೆನು. ಪ್ರಕೃತ ಲೇಖನವು ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರವೆಂದು ವಾಚಕರು ಭಾವಿಸಬಹುದು.

ಮೊದಲೇ ಒಂದು ಮಾತನ್ನು ಒಪ್ಪಿಕೊಳ್ಳುವುದು ಯುಕ್ತವಾಗಿದೆ. ನಾನು ಮೊಟ್ಟೆಯನ್ನು ತಿಂದವನಲ್ಲ. ನಮ್ಮ ಮನೆಯ ಅಡಿಗೆಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಆದುದರಿಂದ ಪಾಕದ ವಿಷಯದಲ್ಲಿ ನಾನು ಹೇಳುವುದು ನೆರೆಹೊರೆಯವರಿಂದ ಕೇಳಿದುದೂ ಪುಸ್ತಕಗಳಿಂದ ತಿಳಿದುದೂ ಆಗಿರುತ್ತದೆ. ಆದರೆ ಶಬ್ದವು ಎಲ್ಲರ ಸ್ವತ್ತು. ಅದರ ವಿಚಾರಕ್ಕೆ ಆಚಾರಭೇದವು ಅಡ್ಡಬಾರದು.

೨

ಕನ್ನಡದಲ್ಲಿ ಈ ಪದಾರ್ಥಕ್ಕೆ ಮುಖ್ಯವಾಗಿ ಎರಡು ದೇಶ್ಯಶಬ್ದಗಳಿವೆ: ಮೊಟ್ಟೆ, ತತ್ತಿ. ತಮಿಳಿನ ಮುಟ್ಟೈ, ಮಲೆಯಾಳದ ಮುಟ್ಟ ಇವುಗಳೊಡನೆ ಮೊಟ್ಟೆಯೂ, ತುಳುವಿನ ತೆತ್ತಿಯೊಡನೆ ತತ್ತಿಯೂ ಸಂಬಂಧ ಹೊಂದಿರುವುದು ಮೇಲ್ನೋಟಕ್ಕೇ ತೋರುತ್ತದೆ. ತೆಲುಗಿನ ಗುಡ್ಡು ಬೇರೆಯ ದಾರಿಯದು. ಮೈಸೂರು ಸೀಮೆಯಲ್ಲಿ ಮೊಟ್ಟೆಯೂ ಉತ್ತರದ ಕಡೆಯಲ್ಲಿ ತತ್ತಿಯೂ ಹೆಚ್ಚಾಗಿ ಬಳಕೆಯಲ್ಲಿವೆ. ಕಡೂರು, ತರೀಕೆರೆ, ಅಜ್ಜಂಪುರಗಳು ಈ ಎರಡು ಬಳಕೆಗಳ ನಡುವೆ ಇರುವ ನೆಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯು ಕಡೂರು, ಬೀರೂರುಗಳನ್ನು ದಾಟಿ ಅಜ್ಜಂಪುರದ ಮೇಲೆ ಹೋಗುವುದಷ್ಟೆ. ಮನೆಯಲ್ಲಿ ಮೊಟ್ಟೆಯೆನ್ನುವವರೂ ಹುಬ್ಬಳ್ಳಿಯ ಕಡೆಯ ನೆಂಟರು ಬಂದಾಗ ತತ್ತಿಯೆಂಬುದನ್ನು ಕೇಳಿ ಅರ್ಥಮಾಡಿಕೊಳ್ಳುತ್ತಾರೆ.

ಸಂಸ್ಕೃತದಲ್ಲಿ ಅಮರಸಿಂಹನು ಪಕ್ಷಿಗಳ ಪ್ರಕರಣದಲ್ಲಿ ಪೇಶೀ, ಕೋಶ, ಅಂಡ ಎಂಬ ಮೂರನ್ನು ಪರ್ಯಾಯಗಳಾಗಿ ಹೇಳಿ, ಅಂಡಶಬ್ದವು ನಪುಂಸಕಲಿಂಗವೆಂದು ಸೂಚಿಸುತ್ತಾನೆ. ಮನುಷ್ಯವರ್ಗದಲ್ಲಿ ಅವನೇ ಮುಷ್ಕ, ಅಂಡಕೋಶ, ವೃಷಣ ಎಂಬವುಗಳನ್ನು ಪುರುಷಾವಯವಕ್ಕೆ ಪರ್ಯಾಯಗಳಾಗಿ ಪಠಿಸಿದ್ದಾನೆ. ಇಲ್ಲಿ ಆಕೃತಿಸಾಮ್ಯವೇ ಶಬ್ದದ ವಿಸ್ತಾರಕ್ಕೆ ಕಾರಣವೆಂದು ಊಹಿಸಬಹುದು. ಮೊಟ್ಟೆಯಂತೆ ದುಂಡಾಗಿರುವುದೆಲ್ಲವೂ ಅಂಡ. ವೈದ್ಯಗ್ರಂಥಗಳ ಅಂಡವೃದ್ಧಿ, ನಮ್ಮ ಜನರ ಅಂಡವಾಯು, ಇವೆರಡೂ ಈ ಅರ್ಥದಿಂದ ಬಂದವು. ಆಧುನಿಕ ಪಾರಿಭಾಷಿಕದಲ್ಲಿಯಾದರೋ ಅಂಡಾಶಯ, ಅಂಡನಾಳ, ಅಂಡಾಣು ಎಂಬುವು ಸ್ತ್ರೀಶರೀರಕ್ಕೆ ಮಾತ್ರ ಸಲ್ಲುತ್ತವೆ. ಪುರುಷಾವಯವಕ್ಕೆ ವೃಷಣವೆಂಬುದು ಉಳಿದಿದೆ. ಹೀಗೆ ಪ್ರಾಚೀನರು ಗಂಡಸಿಗೆ ಕೊಟ್ಟಿದ್ದ ಶಬ್ದವನ್ನು ನವೀನರು ಹೆಂಗಸಿಗೆ ವರ್ಗಾಯಿಸಿದಂತಾಯಿತು. ಮೊದಲಿನದು ಆಕೃತಿಯನ್ನು ನೋಡಿ ಇಟ್ಟ ಹೆಸರು, ಎರಡನೆಯದು ಕಾರ್ಯವನ್ನು ನೋಡಿ ಇಟ್ಟ ಹೆಸರು. ಈ ಭೇದವನ್ನು ಎರಡು ವಾಕ್ಯಗಳಲ್ಲಿ ತಿಳಿಸಿದರೆ ಮಕ್ಕಳ ಗೊಂದಲವು ಪರಿಹಾರವಾಗುವುದೆಂದು ನನಗೆ ತೋರುತ್ತದೆ.

ಪೇಶೀಶಬ್ದದಲ್ಲಿಯೂ ಒಂದು ವಿಶೇಷವಿದೆ. ಅಮರನಲ್ಲಿ ಅದು ಮೊಟ್ಟೆ. ಸುಶ್ರುತನಲ್ಲಿ ಎರಡನೆಯ ತಿಂಗಳ ಗರ್ಭದ ಒಂದು ಆಕಾರ. ಆ ತಿಂಗಳಲ್ಲಿ ಗರ್ಭವು ಪಿಂಡದಂತಿದ್ದರೆ ಗಂಡು, ಪೇಶಿಯಂತೆ ನೀಳವಾಗಿದ್ದರೆ ಹೆಣ್ಣು ಎಂದು ಆತನ ಮತ. ಇದು ಇಂದಿನ ಶಾಸ್ತ್ರಕ್ಕೆ ಸಮ್ಮತವಲ್ಲ. ಆದರೆ ಮೊಟ್ಟೆಯ ಹೆಸರು ಮನುಷ್ಯಗರ್ಭಕ್ಕೆ ಸಲ್ಲುವ ರೂಢಿ ಹೊಸದಲ್ಲವೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ದ್ವಿಜಶಬ್ದವನ್ನು ಎಲ್ಲರೂ ಬಲ್ಲರು. ಹಕ್ಕಿ, ಹಲ್ಲು, ಉಪನೀತನಾದ ಮನುಷ್ಯ, ಈ ಮೂವರೂ ಎರಡು ಸಲ ಹುಟ್ಟುವವರು. ಹಕ್ಕಿಯು ಮೊದಲು ಮೊಟ್ಟೆಯಾಗಿ, ಅನಂತರ ಮರಿಯಾಗಿ ಹುಟ್ಟುತ್ತದೆ. ಉಪನಯನವನ್ನು ವಿವರಿಸಲು ಹಿರಿಯರು ಕೋಳಿಗೂಡಿನ ದೃಷ್ಟಾಂತವನ್ನು ಹಿಡಿದರೆಂಬುದನ್ನು ನೆನೆದರೆ, ಮೊಟ್ಟೆಯ ಮಾತನ್ನು ಎತ್ತುವುದೇ ಅಶುಚಿಯೆಂದು ಹೇಳುವ ನಮ್ಮಲ್ಲಿ ಕೆಲವರು ಸ್ವಲ್ಪ ಸಂಕೋಚಪಡಬೇಕಾದೀತು.

೩

ವೈದಿಕವಾಙ್ಮಯದಲ್ಲಿ ಅಂಡವು ಸೃಷ್ಟಿಯ ಪ್ರತೀಕ. ಋಗ್ವೇದದ ಹತ್ತನೆಯ ಮಂಡಲದ ಹಿರಣ್ಯಗರ್ಭಸೂಕ್ತವು ಪ್ರಸಿದ್ಧವಾದುದು. ಛಾಂದೋಗ್ಯೋಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಅಂಡವು ಒಂದು ಸಂವತ್ಸರ ಕಾಲ ಮಲಗಿದ್ದು ಅನಂತರ ಒಡೆಯಿತೆಂದೂ, ಬೆಳ್ಳಿಯ ಹೋಳು ಪೃಥ್ವಿಯೂ ಚಿನ್ನದ ಹೋಳು ದ್ಯುಲೋಕವೂ ಆಯಿತೆಂದೂ, ಹೊರಪೊರೆಯು ಪರ್ವತಗಳಾಗಿ, ಒಳಪೊರೆಯು ಮೋಡಮಂಜುಗಳಾಗಿ, ನಾಳಗಳು ನದಿಗಳಾಗಿ, ಒಳಗಿನ ನೀರು ಸಮುದ್ರವಾಯಿತೆಂದೂ ವರ್ಣನೆಯಿದೆ. ಹೊರಪೊರೆ, ಒಳಪೊರೆ, ನಾಳ, ದ್ರವ ಎಂದು ಬೇರೆಬೇರೆಯಾಗಿ ಹೇಳಿದ ಋಷಿಯು ಕಾವಿಗೆ ಕುಳಿತ ಮೊಟ್ಟೆಯನ್ನು ಒಡೆದು ನೋಡಿದವನೇ ಇರಬೇಕು. ಕೆಲವು ದಿನ ಕಾವು ಕೊಟ್ಟ ಮೊಟ್ಟೆಯಲ್ಲಲ್ಲದೆ ರಕ್ತನಾಳಗಳು ಕಾಣವು.

ಈ ಕಲ್ಪನೆಯು ಶಾಸನಗಳಿಗೂ ಇಳಿದಿದೆ. ೫೪೩ನೆಯ ಇಸವಿಯ ಬಾದಾಮಿಯ ಬಂಡೆಶಾಸನವು ಒಂದನೆಯ ಪುಲಕೇಶಿಯನ್ನು ಹಿರಣ್ಯಗರ್ಭಸಂಭೂತನೆಂದು ಕರೆಯುತ್ತದೆ. ಮತ್ಸ್ಯಪುರಾಣದಲ್ಲಿ ಹೇಳಿರುವ ಹದಿನಾರು ಮಹಾದಾನಗಳಲ್ಲಿ ಹಿರಣ್ಯಗರ್ಭವೂ ಬ್ರಹ್ಮಾಂಡವೂ ಸೇರಿವೆ. ಹಿರಣ್ಯಗರ್ಭದಾನದಲ್ಲಿ ಯಜಮಾನನು ಚಿನ್ನದ ಪಾತ್ರೆಯೊಳಗೆ ಗರ್ಭಸ್ಥ ಶಿಶುವಿನಂತೆ ಮುದುಡಿ ಕುಳಿತಿರಲು, ಋತ್ವಿಜರು ಗರ್ಭಾಧಾನಾದಿ ಸಂಸ್ಕಾರಗಳನ್ನು ನಡೆಸಿ ಅವನನ್ನು ಹೊಸದಾಗಿ ಹುಟ್ಟಿದವನೆಂದು ಹೊರಕ್ಕೆ ಕರೆಯುತ್ತಾರೆ. ಇಲ್ಲಿ ಅಂಡ, ಗರ್ಭ ಎಂಬ ಎರಡು ಭಾವನೆಗಳೂ ಒಂದೇ ಪಾತ್ರೆಯಲ್ಲಿ ಕೂಡಿವೆ.

ಮಹಾಭಾರತದ ಆದಿಪರ್ವದ ಕದ್ರೂವಿನತೆಯರ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕದ್ರುವು ಸಾವಿರ ಮೊಟ್ಟೆಗಳನ್ನು, ವಿನತೆಯು ಎರಡನ್ನು ಇಟ್ಟಳು. ಐನೂರು ವರ್ಷಗಳಾದ ಮೇಲೆ ಕದ್ರುವಿನ ಮೊಟ್ಟೆಗಳೊಡೆದು ನಾಗರು ಹೊರಬಂದರು. ವಿನತೆಯು ನಾಚಿಕೆಯಿಂದಲೂ ಆತುರದಿಂದಲೂ ತನ್ನದೊಂದನ್ನು ಒಡೆದಳು. ಮೇಲಿನರ್ಧ ಮಾತ್ರ ಬೆಳೆದಿದ್ದ ಅರುಣನು ಹೊರಬಂದು ತಾಯಿಯನ್ನು ಶಪಿಸಿದನು. ಎರಡನೆಯದನ್ನಾದರೂ ಕಾಯಬೇಕೆಂದು ಹೇಳಿದನು. ಅದರಿಂದ ಗರುಡನು ಹುಟ್ಟಿದನು. ಕಥೆಯ ನೀತಿ ತಾಳ್ಮೆಯೆಂದು ಪಾಠ ಹೇಳುವುದು ವಾಡಿಕೆ. ಆದರೆ ವಿನತೆಯನ್ನು ಆತುರಪಡಿಸಿದುದು ಯಾವುದೆಂಬುದನ್ನೂ ಗಮನಿಸತಕ್ಕದ್ದು. ಸವತಿಯ ಮಕ್ಕಳು ಅಂಗಳದಲ್ಲಿ ಆಡುತ್ತಿರುವಾಗ ತನ್ನ ಮಡಿಲು ಬರಿದಾಗಿರುವ ಲಜ್ಜೆಯೇ ಅವಳ ಕೈಯಿಂದ ಮೊಟ್ಟೆಯನ್ನು ಒಡೆಸಿತು. ಈ ಲಜ್ಜೆಯ ವಿಷಯಕ್ಕೆ ಮುಂದೆ ಬರುತ್ತೇನೆ.

೪

ಈಗ ಕೋಳಿಯ ಮೊಟ್ಟೆಯು ಹೇಗಾಗುವುದೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ಸ್ತ್ರೀಯ ಅಂಡಾಣುವಿಗೂ ಅದಕ್ಕೂ ಇರುವ ಸಾಮ್ಯವೈಷಮ್ಯಗಳು ಇದರಿಂದಲೇ ತಿಳಿಯುತ್ತವೆ. ಹೇಂಟೆಯಲ್ಲಿ ಎಡಗಡೆಯ ಅಂಡಾಶಯವು ಮಾತ್ರ ಬೆಳೆದು ಕೆಲಸಮಾಡುತ್ತದೆ. ಅಲ್ಲಿಂದ ಕಳಚಿ ಬೀಳುವುದು ಹಳದಿಯ ಗೋಳ ಮಾತ್ರ. ಶಾಸ್ತ್ರದೃಷ್ಟಿಯಿಂದ ಅಂಡಾಣುವೆಂಬುದು ಇದೇ. ಅಂಡನಾಳದಲ್ಲಿ ಇಳಿಯುತ್ತ ಅದಕ್ಕೆ ಸುಮಾರು ಮೂರು ಗಂಟೆಗಳ ಕಾಲ ಬಿಳಿಯ ಲೋಳೆಯೂ, ಅನಂತರ ತೆಳುಪೊರೆಗಳೂ, ಕೊನೆಯಲ್ಲಿ ಸುಮಾರು ೨೦ ಗಂಟೆಗಳ ಕಾಲ ಸುಣ್ಣದ ಚಿಪ್ಪೂ ಕೂಡುತ್ತವೆ. ಒಟ್ಟು ೨೪ರಿಂದ ೨೬ ಗಂಟೆಗಳಲ್ಲಿ ಮೊಟ್ಟೆ ಸಿದ್ಧವಾಗುತ್ತದೆ. ಹುಂಜದ ಸಂಪರ್ಕವಿಲ್ಲದೆಯೂ ಹೇಂಟೆಯು ಮೊಟ್ಟೆಯಿಡುತ್ತದೆ. ಅಂತಹ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಇಂದು ಅಂಗಡಿಗಳಲ್ಲಿ ಮಾರುವ ಫಾರಮ್ಮಿನ ಮೊಟ್ಟೆಗಳು ಸಾಮಾನ್ಯವಾಗಿ ಈ ಜಾತಿಯವು. ಹುಂಜದ ಸಂಪರ್ಕವಾಗಿದ್ದ ಮೊಟ್ಟೆಯು ತಾಯಿಯ ಕಾವಿನಲ್ಲಿ ೨೧ ದಿನಗಳಿಗೆ ಒಡೆಯುತ್ತದೆ.

ಕಾವು ಎಂಬ ಶಬ್ದವು ವಿಚಾರಾರ್ಹವಾದುದು. ಬಿಸಿಯಾಗು ಎಂಬರ್ಥದ ಕಾಯ್, ರಕ್ಷಿಸು ಹಾಗೂ ಎದುರುನೋಡು ಎಂಬರ್ಥದ ಕಾಯ್, ಫಲಬಿಡು ಎಂಬರ್ಥದ ಕಾಯ್, ಇವು ಬೇರೆಬೇರೆ ಧಾತುಗಳೆಂದು ವೈಯಾಕರಣರು ವಿಂಗಡಿಸುವರು, ಅದು ಸರಿಯಾದುದೇ. ಆದರೂ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂರಿಸಿದ ಹೇಂಟೆಯನ್ನು ನೋಡಿದ ಹಳ್ಳಿಯ ಹೆಂಗಸಿಗೆ ಆ ವಿಂಗಡಣೆಯು ಕಾಣಿಸದು. ಅದು ಮೊಟ್ಟೆಯನ್ನು ಬಿಸಿಮಾಡುತ್ತದೆ, ರಕ್ಷಿಸುತ್ತದೆ, ಕಾದುಕೊಂಡಿರುತ್ತದೆ, ಕೊನೆಗೆ ಫಲವನ್ನೂ ಕಾಣುತ್ತದೆ.

ಮೊಟ್ಟೆಯ ಹೊಸತು ಹಳತುಗಳನ್ನು ನೀರಿನಲ್ಲಿ ಬಿಟ್ಟು ನೋಡುವ ಪದ್ಧತಿ ಮನೆಮನೆಗಳಲ್ಲಿಯೂ ಇದೆ. ಹೊಸದು ತಳಕ್ಕೆ ಕೂರುತ್ತದೆ, ಹಳೆಯದು ತೇಲುತ್ತದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮರಂಧ್ರಗಳಿದ್ದು, ದಿನ ಕಳೆದಂತೆ ಒಳಗಿನ ತೇವವು ಆರಿ ಆ ಜಾಗಕ್ಕೆ ಗಾಳಿ ಸೇರುವುದೇ ಇದಕ್ಕೆ ಕಾರಣ. ದೃಷ್ಟಿ ತೆಗೆಯಲು ಮೊಟ್ಟೆಯನ್ನು ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಇಡುವ ರೂಢಿಯನ್ನು ನಮ್ಮ ಕಡೆಯಲ್ಲಿ ಎಲ್ಲರೂ ಕಂಡಿರುತ್ತಾರೆ. ಜೀವಕ್ಕೆ ಬದಲಾಗಿ ಜೀವದ ಸಂಕೇತವನ್ನು ಕೊಡುವುದು ಅದರ ಭಾವವಾಗಿರಬೇಕೆಂದು ನನ್ನ ಊಹೆ.

೫

ಮನುಷ್ಯಸ್ತ್ರೀಯ ಅಂಡಾಣುವು ಕೋಳಿಯ ಹಳದಿಗೋಳಕ್ಕೆ ಸಮಾನಸ್ಥಾನದ್ದು. ಆದರೆ ಅದರ ಅಗಲವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಕೋಳಿಯ ಮರಿಯು ತನ್ನ ಬುತ್ತಿಯನ್ನು ಮೊಟ್ಟೆಯೊಳಗೇ ಕಟ್ಟಿಕೊಂಡಿರಬೇಕು. ಮನುಷ್ಯಶಿಶುವಿಗೆ ತಾಯಿಯೇ ದಿನದಿನವೂ ಉಣಿಸುತ್ತಾಳೆ. ಇದೇ ಗಾತ್ರಭೇದಕ್ಕೆ ಕಾರಣ. ಹೆಣ್ಣುಮಗುವು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ೧೦ರಿಂದ ೨೦ ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುವು ೪೦೦ರಿಂದ ೫೦೦ ಮಾತ್ರ. ಮುಂದಿನ ಮುಟ್ಟಿಗೆ ಸುಮಾರು ೧೪ ದಿನಗಳ ಮೊದಲು ಒಂದು ಅಂಡಾಣುವು ಹೊರಬಿದ್ದು, ಒಂದು ದಿನದೊಳಗಾಗಿ ವೀರ್ಯಾಣುವಿನ ಸಂಯೋಗವಾಗದಿದ್ದರೆ ನಶಿಸುತ್ತದೆ.

ಈ ಅಂಡಾಣುವನ್ನು ಕಂಡುಹಿಡಿದುದು ಈಚಿನ ಸಂಗತಿ. ೧೬೫೧ರಲ್ಲಿ ಇಂಗ್ಲೆಂಡಿನ ವೈದ್ಯ ಹಾರ್ವೆಯು ಸಕಲ ಪ್ರಾಣಿಗಳೂ ಅಂಡದಿಂದಲೇ ಹುಟ್ಟುವುವೆಂಬ ಸಿದ್ಧಾಂತವನ್ನು ಪ್ರಕಟಿಸಿದನಾದರೂ ಸಸ್ತನಿಗಳ ಅಂಡವನ್ನು ಅವನು ನೋಡಿರಲಿಲ್ಲ. ೧೬೭೨ರಲ್ಲಿ ಡಚ್ಚರ ದ ಗ್ರಾಫನು ಅಂಡಾಶಯದ ಕೋಶಗಳನ್ನು ವರ್ಣಿಸಿದನು. ಕೊನೆಗೆ ೧೮೨೭ರಲ್ಲಿ ಫಾನ್ ಬೇರನೆಂಬ ವಿದ್ವಾಂಸನು ಹೆಣ್ಣುನಾಯಿಯ ಅಂಡಾಶಯದಲ್ಲಿ ನಿಜವಾದ ಅಂಡಾಣುವನ್ನು ಸೂಕ್ಷ್ಮದರ್ಶಕದಿಂದ ಕಂಡನು. ಆದುದರಿಂದ ನಮ್ಮ ಪ್ರಾಚೀನರಿಗೆ ಅಂಡಾಣುವು ತಿಳಿದಿತ್ತೆಂದು ಹೇಳುವುದು ಸಾಹಸ. ಗಾಂಧಾರಿಯ ಮಾಂಸಪಿಂಡವನ್ನು ತುಪ್ಪದ ಗಡಿಗೆಗಳಲ್ಲಿ ಇರಿಸಿ ನೂರೊಂದು ಮಕ್ಕಳನ್ನು ಪಡೆದ ಕಥೆಯನ್ನು ೧೯೭೮ರಲ್ಲಿ ಇಂಗ್ಲೆಂಡಿನಲ್ಲಿಯೂ, ಅದೇ ವರ್ಷ ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದಲೂ ಹುಟ್ಟಿದ ಪ್ರನಾಳಶಿಶುಗಳೊಡನೆ ಸಮೀಕರಿಸುವವರನ್ನು ನಾನು ಕೇಳಿದ್ದೇನೆ. ಇದರಿಂದ ಕಥೆಗೂ ಗೌರವವಿಲ್ಲ, ಶಾಸ್ತ್ರಕ್ಕೂ ಗೌರವವಿಲ್ಲ.

ಪ್ರಾಚೀನರು ನಿಜವಾಗಿ ಹೇಳಿದುದೇನೆಂಬುದನ್ನು ನೋಡೋಣ. ಅಲ್ಲಿ ಎರಡು ಪರಂಪರೆಗಳಿವೆ. ಇವನ್ನು ಬೆರೆಸಿದುದರಿಂದಲೇ ಅನರ್ಥವಾಗಿದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಸ್ತ್ರೀಯು ಕ್ಷೇತ್ರವೆಂದೂ ಪುರುಷನು ಬೀಜವೆಂದೂ ಹೇಳಿದೆ. ಅದು ಸಂತಾನವು ಯಾರಿಗೆ ಸೇರತಕ್ಕದ್ದೆಂಬ ವ್ಯವಹಾರವನ್ನು ನಿರ್ಣಯಿಸುವ ಪ್ರಕರಣ, ಶರೀರವಿಜ್ಞಾನದ ಪ್ರಕರಣವಲ್ಲ. ವೈದ್ಯರ ಮತವು ಇದಕ್ಕಿಂತ ಭಿನ್ನವಾದುದು. ಸುಶ್ರುತನು ಋತು, ಕ್ಷೇತ್ರ, ಅಂಬು, ಬೀಜ ಈ ನಾಲ್ಕರ ಸಾಮಗ್ರಿಯಿಂದ ಮೊಳಕೆಯಂತೆ ಗರ್ಭವಾಗುವುದೆನ್ನುತ್ತಾನೆ. ಚರಕನು ಶಾರೀರಸ್ಥಾನದಲ್ಲಿ ಸ್ತ್ರೀಯ ಶೋಣಿತದಲ್ಲಿಯೂ ಬೀಜ, ಬೀಜಭಾಗ, ಅದರ ಅವಯವ ಎಂಬ ವಿಭಾಗಗಳನ್ನು ಮಾಡಿ, ಅವುಗಳ ದೋಷದಿಂದ ಹುಟ್ಟುವ ಮಗುವಿಗೆ ಯಾವ ಯಾವ ವೈಕಲ್ಯಗಳುಂಟಾಗುವುವೆಂಬುದನ್ನು ಹೇಳುತ್ತಾನೆ. ಪುರುಷನ ಬೀಜಕ್ಕೂ ಅದೇ ವಿಭಾಗವನ್ನು ಮಾಡುತ್ತಾನೆ. ಅಂಡಾಣುವನ್ನು ಕಾಣದಿದ್ದರೂ ಹೆಣ್ಣಿನಲ್ಲಿಯೂ ಬೀಜವಿದೆಯೆಂದು ಆ ವೈದ್ಯನು ಯುಕ್ತಿಯಿಂದ ತಿಳಿದಿದ್ದನು. ಅಲ್ಲದೆ ಗರ್ಭವು ತಡವಾಗುವುದಕ್ಕೆ ಕಾರಣಗಳನ್ನು ಎಣಿಸುವಾಗ ಯೋನಿದೋಷ, ಮನಸ್ತಾಪ, ಶುಕ್ರದ ದೋಷ, ಶೋಣಿತದ ದೋಷ, ಆಹಾರವಿಹಾರಗಳ ದೋಷ, ಅಕಾಲಯೋಗ, ಬಲಕ್ಷಯ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಇಡುತ್ತಾನೆ. ದೋಷವೆಲ್ಲವೂ ಹೆಂಗಸಿನದೆಂಬ ಮಾತು ಅಲ್ಲಿಲ್ಲ. ಇಂದಿನ ವೈದ್ಯರೂ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪುರುಷನ ಕಡೆಯ ಕಾರಣವು ತಾನೊಂದೇ ಆಗಲಿ ಇತರ ಕಾರಣಗಳೊಡನೆ ಆಗಲಿ ಇರುವುದೆಂದು ಹೇಳುತ್ತಾರೆ.

ನಮ್ಮ ಆಡುಮಾತು ಮಾತ್ರ ವೈದ್ಯರನ್ನು ಬಿಟ್ಟು ಸ್ಮೃತಿಯ ಉಪಮೆಯನ್ನು ಹಿಡಿಯಿತು. ಬಂಜೆಯೆಂಬ ಶಬ್ದವನ್ನು ತೆಗೆದುಕೊಳ್ಳಿರಿ. ಸಂಧ್ಯಾ ಸಂಜೆಯಾದಂತೆ ವಂಧ್ಯಾ ಬಂಜೆಯಾಯಿತು, ತದ್ಭವವು ನಿಯತವಾದುದೇ. ಆದರೆ ಸಂಸ್ಕೃತದಲ್ಲಿ ವಂಧ್ಯಶಬ್ದವು ಮೂರು ಲಿಂಗಗಳಲ್ಲಿಯೂ ನಡೆಯುತ್ತದೆ. ಅಮರಸಿಂಹನು ವನೌಷಧಿವರ್ಗದಲ್ಲಿ ಕಾಯಿಬಿಡದ ಮರಕ್ಕೆ ಅದನ್ನು ಪುಂಲಿಂಗದಲ್ಲಿಯೇ ಪ್ರಯೋಗಿಸಿದ್ದಾನೆ. ಕನ್ನಡಕ್ಕೆ ಬರುವಾಗ ಸ್ತ್ರೀಲಿಂಗರೂಪವು ಮಾತ್ರ ಬಂದಿತು. ಮಕ್ಕಳಿಲ್ಲದ ಹೆಂಗಸಿಗೆ ಒಂದು ಹೆಸರುಂಟು. ಮಕ್ಕಳಿಲ್ಲದ ಗಂಡಸಿಗೆ ಅದಕ್ಕೆ ಸಮನಾದ ಹೆಸರು ಮನೆಯ ಮಾತಿನಲ್ಲಿಲ್ಲ. ಹೆಸರಿಲ್ಲದ ದೋಷವನ್ನು ಯಾರೂ ಹುಡುಕುವುದಿಲ್ಲ.

ಈ ವಿಷಯದಲ್ಲಿ ದನಗಾರರ ವಿವೇಕವು ನಮಗಿಂತ ಮೇಲು. ಅಜ್ಜಂಪುರವು ಅಮೃತಮಹಲ್ ತಳಿಯ ಸಂವರ್ಧನಕೇಂದ್ರಕ್ಕೆ ಪ್ರಸಿದ್ಧವಾದ ಊರು. ಮೈಸೂರಿನ ಅರಸರ ಬೆಣ್ಣೆಚಾವಡಿಯ ಹಸುಗಳಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರನ್ನು ಪಡೆದ ತಳಿಯದು. ಮಂದೆಯ ಹಸುಗಳು ಗಬ್ಬವಾಗದಿದ್ದರೆ ಹೋರಿಯನ್ನೂ ಪರೀಕ್ಷಿಸಬೇಕೆಂಬುದನ್ನು ದನ ಸಾಕಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಇರುವ ಈ ನ್ಯಾಯವು ನಡುಮನೆಗೆ ಬರುವುದಿಲ್ಲ.

ನನ್ನ ಬಂಧುವರ್ಗದಲ್ಲಿಯೇ ನಡೆದುದನ್ನು ಹೇಳುತ್ತೇನೆ. ಕಡೂರಿನ ಕಡೆಯ ಒಂದು ಮನೆಗೆ ಸೇರಿದ ಹೆಣ್ಣುಮಗಳೊಬ್ಬಳಿಗೆ ಹಲವು ವರ್ಷ ಮಕ್ಕಳಾಗಲಿಲ್ಲ. ವ್ರತಗಳೂ ನಾಗಪ್ರತಿಷ್ಠೆಯೂ ನಡೆದುವು. ಅತ್ತೆಯ ಮನೆಯವರು ನನ್ನನ್ನು ಕರೆದು ಕೇಳಿದಾಗ ಕ್ಷೇತ್ರಬೀಜಗಳ ಶ್ಲೋಕವನ್ನು ಹೇಳಿ, ಕ್ಷೇತ್ರಶುದ್ಧಿಗೆ ಇನ್ನೊಂದು ವ್ರತವನ್ನು ನಾನೇ ಸೂಚಿಸಿದೆನು. ಆಕೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ತರುವಾಯ ದಂಪತಿಗಳಿಬ್ಬರನ್ನೂ ವೈದ್ಯರು ಪರೀಕ್ಷಿಸಿದಾಗ ಆಕೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಮುಂದೊಂದು ದಿನ ಆಕೆ ನನ್ನನ್ನು ಕಂಡು, "ಮಾವಯ್ಯ, ಅವತ್ತು ನೀವು ಹೇಳಿದ ಶ್ಲೋಕದಲ್ಲಿ ಬೀಜದ ಶುದ್ಧಿಗೆ ವ್ರತ ಇರಲಿಲ್ಲವೆ?" ಎಂದಳು. ಆಕೆಯ ಮಾತಿನಲ್ಲಿ ಕೋಪವಿರಲಿಲ್ಲ. ಚರಕಸಂಹಿತೆಯು ನನ್ನ ಕಪಾಟಿನಲ್ಲಿಯೇ ಇದ್ದಿತು. ನಾನು ಅಂದು ಅದನ್ನು ತೆಗೆದು ನೋಡಿರಲಿಲ್ಲ. ಸ್ಮೃತಿಯ ವ್ಯವಹಾರಪ್ರಕರಣದ ಉಪಮೆಯನ್ನು ಚಿಕಿತ್ಸೆಯ ಪ್ರಮಾಣವೆಂದು ಹೇಳಿದ ತಪ್ಪು ನನ್ನದು.

೬

ಇನ್ನು ಆಹಾರದ ವಿಷಯ. ಚರಕನು ಸೂತ್ರಸ್ಥಾನದ ಅನ್ನಪಾನವಿಧಿಯ ಅಧ್ಯಾಯದಲ್ಲಿ ಹಂಸ, ಚಕೋರ, ಕೋಳಿ, ನವಿಲು, ಗುಬ್ಬಿ ಇವುಗಳ ಮೊಟ್ಟೆಗಳು ಶುಕ್ರಕ್ಷಯ, ಕೆಮ್ಮು, ಹೃದ್ರೋಗ, ಉರಃಕ್ಷತಾದಿಗಳಲ್ಲಿ ಹಿತವೆಂದೂ, ಮಧುರವಾದುವೂ ಉರಿಯನ್ನುಂಟುಮಾಡದವೂ ಕೂಡಲೇ ಬಲವನ್ನು ಕೊಡುವುವೂ ಎಂದೂ ಹೇಳುತ್ತಾನೆ. ಮೊಟ್ಟೆ ಉಷ್ಣವೆಂದು ಗರ್ಭಿಣಿಯರಿಗೆ ಅದನ್ನು ನಿಷೇಧಿಸುವ ಹಿರಿಯರು ನಮ್ಮ ಕಡೆ ಇದ್ದಾರೆ. ಅವಿದಾಹಿಯೆಂಬ ಚರಕನ ಮಾತು ಆ ಭಯಕ್ಕೆ ಅನುಕೂಲವಾಗಿಲ್ಲ.

ಆಧುನಿಕ ಪರೀಕ್ಷೆಯ ಪ್ರಕಾರ ೫೦ ಗ್ರಾಂ ತೂಕದ ಒಂದು ಮೊಟ್ಟೆಯಲ್ಲಿ ಸುಮಾರು ೬ ಗ್ರಾಂ ಸಸಾರಜನಕ, ೫ ಗ್ರಾಂ ಕೊಬ್ಬು, ೭೦ಕ್ಕೆ ಸ್ವಲ್ಪ ಮೇಲ್ಪಟ್ಟ ಕ್ಯಾಲೊರಿಗಳಷ್ಟು ಶಕ್ತಿ ಇರುತ್ತವೆ. ಎ, ಡಿ, ಬಿ೧೨ ಎಂಬ ಜೀವಸತ್ವಗಳೂ, ಗರ್ಭಸ್ಥ ಶಿಶುವಿನ ಮೆದುಳಿನ ಬೆಳವಣಿಗೆಗೆ ಬೇಕಾದ ಕೋಲೀನ್ ಎಂಬ ಪದಾರ್ಥವೂ ಹಳದಿಯಲ್ಲಿವೆ. ಸಿ ಜೀವಸತ್ವವೂ ನಾರೂ ಇಲ್ಲ. ಸುಣ್ಣದ ಅಂಶವು ಬಹುಪಾಲು ಚಿಪ್ಪಿನಲ್ಲಿಯೇ ಉಳಿಯುತ್ತದೆ. ರಾಗಿಯಲ್ಲಿ ಸುಣ್ಣದ ಅಂಶವು ಹೇರಳ, ಸೊಪ್ಪಿನಲ್ಲಿ ನಾರಿದೆ. ಆದುದರಿಂದ ಮುದ್ದೆ, ಸೊಪ್ಪು, ಮೊಟ್ಟೆಯ ಸಾರು ಎಂಬ ನಮ್ಮ ಬಯಲುಸೀಮೆಯ ಊಟದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಗರಡಿಯವರು ಹಸಿಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಯುವ ಪದ್ಧತಿಯು ಬಲಕ್ಕೆ ಸಾಧಕವೆಂದು ಪ್ರತೀತಿಯಾದರೂ, ಬೇಯಿಸಿದ ಮೊಟ್ಟೆಯ ಸಸಾರಜನಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜೀರ್ಣವಾದರೆ ಹಸಿಯದರಲ್ಲಿ ಅರ್ಧದಷ್ಟು ಮಾತ್ರ ಆಗುವುದೆಂದು ತಿಳಿದುಬಂದಿದೆ. ಬಿಳಿಯ ಲೋಳೆಯು ಸುಮಾರು ೬೨ ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಟ್ಟಿಯಾಗತೊಡಗಿ, ಹಳದಿಯು ೬೫ರಿಂದ ೭೦ರಲ್ಲಿ ಗಟ್ಟಿಯಾಗುತ್ತದೆ. ಅತಿಯಾಗಿ ಕುದಿಸಿದಾಗ ಹಳದಿಯ ಸುತ್ತ ಕಾಣುವ ಹಸಿರುಬಣ್ಣದ ಬಳೆಯು ಗಂಧಕವೂ ಕಬ್ಬಿಣವೂ ಕೂಡಿ ಆದದ್ದು, ಅದು ವಿಷವಲ್ಲ.

೨೦೧೭ನೆಯ ಅಕ್ಟೋಬರ್ ೨ರಂದು ಕರ್ನಾಟಕದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯ ಊಟದಲ್ಲಿ ಮೊಟ್ಟೆಯನ್ನು ಸೇರಿಸಲಾಯಿತು. ಶಾಲೆಯ ಮಧ್ಯಾಹ್ನದ ಊಟದಲ್ಲಿ ೨೦೨೧ನೆಯ ಡಿಸೆಂಬರಿನಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ಎಲ್ಲ ಜಿಲ್ಲೆಗಳಿಗೂ ಅದು ವ್ಯಾಪಿಸಿತು. ೨೦೨೪ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನವೂ ಕೊಡುವ ಏರ್ಪಾಡಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಯಹಣ್ಣು ಅಥವಾ ಶೇಂಗಾಚಿಕ್ಕಿಯೆಂದು ಆಗ ಗೊತ್ತುಮಾಡಲಾಗಿತ್ತು. ಈ ಏರ್ಪಾಡಿನ ಸುತ್ತ ನಡೆದ ವಾದಗಳನ್ನು ವಾಚಕರು ಬಲ್ಲರು.

ಇಲ್ಲಿ ಜನ್ನನನ್ನು ನೆನೆಯದಿರಲಾಗದು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ದೇವಾಲಯದ ಶಾಸನವು ಜನ್ನಕವಿಯ ರಚನೆ. ಅದೇ ಜನ್ನನು ೧೨೦೯ರಲ್ಲಿ ಯಶೋಧರಚರಿತೆಯನ್ನು ಮುಗಿಸಿದನು. ತಾಯಿಯ ಬಲವಂತದಿಂದ ಯಶೋಧರನು ಜೀವಂತ ಪ್ರಾಣಿಯ ಬದಲು ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಆ ಸಂಕಲ್ಪದ ಫಲವಾಗಿ ತಾಯಿಮಕ್ಕಳು ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಅಲೆದು, ಕಡೆಗೆ ಕೋಳಿಗಳಾಗಿ ಸತ್ತು, ರಾಣಿಯ ಗರ್ಭದಲ್ಲಿ ಅವಳಿಮಕ್ಕಳಾಗಿ ಹುಟ್ಟುತ್ತಾರೆ. ಹಿಟ್ಟಿನಲ್ಲಿ ಜೀವವಿರಲಿಲ್ಲ, ದೋಷವು ಇದ್ದುದು ಸಂಕಲ್ಪದಲ್ಲಿ. ಫಾರಮ್ಮಿನ ಮೊಟ್ಟೆಯಲ್ಲಿ ಜೀವವಿಲ್ಲ, ಆದುದರಿಂದ ಅದು ಶಾಕಾಹಾರವೆಂದು ವಾದಿಸುವವರಿಗೆ ಜನ್ನನ ಜೈನದೃಷ್ಟಿಯು ಸುಲಭವಾಗಿ ಒಪ್ಪದು. ಅಂತೆಯೇ, ಮೊಟ್ಟೆಯಲ್ಲೆಲ್ಲ ಮರಿಯಿದೆಯೆಂದು ಮಕ್ಕಳಿಗೆ ಹೇಳುವವರು ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಮಾತನಾಡುತ್ತಾರೆ. ಮರಿ ಆಗುವುದೋ ಇಲ್ಲವೋ ಎಂಬುದು ಪರೀಕ್ಷೆಯಿಂದ ತಿಳಿಯತಕ್ಕ ವಸ್ತುಸ್ಥಿತಿ. ತಿನ್ನಬೇಕೋ ಬೇಡವೋ ಎಂಬುದು ಅವರವರ ಆಚಾರ. ಗ್ರಾಮಕುಕ್ಕುಟವನ್ನು ದ್ವಿಜರಿಗೆ ನಿಷೇಧಿಸಿದ ಮನುವೂ, ಕೋಳಿಯ ಮೊಟ್ಟೆಯನ್ನು ಔಷಧವಾಗಿ ವಿಧಿಸಿದ ಚರಕನೂ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಹೇಳಿದವರು. ನನ್ನ ತಟ್ಟೆಯಲ್ಲಿ ಮೊಟ್ಟೆಯಿಲ್ಲದಿರುವುದು ನನ್ನ ಆಚಾರ. ಪಕ್ಕದ ಮಗುವಿನ ತಟ್ಟೆಯಿಂದ ಅದನ್ನು ತೆಗೆಸುವುದಕ್ಕೆ ಚರಕನಾಗಲಿ ಜನ್ನನಾಗಲಿ ನನಗೆ ಅಧಿಕಾರ ಕೊಟ್ಟಿಲ್ಲ.

೭

ಆ ಉಪಾಧ್ಯಾಯಿನಿಯವರ ಪ್ರಶ್ನೆಗೆ ಉತ್ತರವನ್ನು ಹೀಗೆ ಸಂಗ್ರಹಿಸಬಹುದು. ಅಂಡಶಬ್ದದ ಮೂಲಾರ್ಥ ಮೊಟ್ಟೆ. ಸೃಷ್ಟಿಯು ಮೊಟ್ಟೆಯಂತೆ ಒಡೆದು ಬಂದಿತೆಂಬ ಭಾವನೆಯಿಂದ ಬ್ರಹ್ಮಾಂಡ, ಆಕೃತಿಸಾಮ್ಯದಿಂದ ಪುರುಷಾವಯವ, ಕಾರ್ಯಸಾಮ್ಯದಿಂದ ಸ್ತ್ರೀಯ ಅಂಡಾಣು. ದೇಶ್ಯವಾದ ಅಂಡು ಎಂಬುದನ್ನು ಈ ಅಂಡದೊಡನೆ ಸೇರಿಸದೆ ಪ್ರತ್ಯೇಕವಾಗಿ ತಿಳಿಯತಕ್ಕದ್ದು. ಇಷ್ಟನ್ನು ಹೇಳಿದರೆ ಮಕ್ಕಳು ಒಂದು ದಿನ ನಕ್ಕು ಮರುದಿನ ಸುಮ್ಮನಾಗುತ್ತಾರೆ.

ಇದರೊಡನೆ ಇನ್ನೊಂದನ್ನೂ ಹೇಳಬೇಕೆಂದು ಸಾಹಿತ್ಯದ ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ. ಕ್ಷೇತ್ರಬೀಜಗಳ ಉಪಮೆಯು ನಮ್ಮ ಕಾವ್ಯಗಳಲ್ಲಿಯೂ ಗಾದೆಗಳಲ್ಲಿಯೂ ಹರಡಿಕೊಂಡಿದೆ. ಪಾಠದಲ್ಲಿ ಅದು ಬಂದೇ ಬರುತ್ತದೆ. ಬಂದಾಗ ಅದು ವ್ಯವಹಾರಶಾಸ್ತ್ರದ ಉಪಮೆಯೆಂದೂ, ವೈದ್ಯಶಾಸ್ತ್ರವು ಹೆಣ್ಣಿನಲ್ಲಿಯೂ ಬೀಜವನ್ನು ಒಪ್ಪಿತ್ತೆಂದೂ, ೧೮೨೭ರಿಂದೀಚೆಗೆ ಅದು ಕಣ್ಣಿಗೂ ಕಂಡಿದೆಯೆಂದೂ ಒಂದು ವಾಕ್ಯವನ್ನು ಸೇರಿಸಬೇಕು. ತದ್ಭವಪ್ರಕರಣದಲ್ಲಿ ಸಂಜೆಯ ಪಕ್ಕದಲ್ಲಿ ಬಂಜೆಯನ್ನು ಉದಾಹರಿಸುವ ಪದ್ಧತಿಯನ್ನು ನಾನಂತೂ ಬಿಟ್ಟಿದ್ದೇನೆ. ಉದಾಹರಿಸಲೇಬೇಕಾದರೆ ಅಮರನ ಕಾಯಿಬಿಡದ ಮರವನ್ನೂ ಜೊತೆಗೆ ಹೇಳುತ್ತೇನೆ. ಕಡೂರಿನ ಆ ಹೆಣ್ಣುಮಗಳಂತೆ ಬಾಗಿಲ ಮರೆಯಲ್ಲಿ ನಿಂತು ನಮ್ಮ ವ್ಯಾಖ್ಯಾನವನ್ನು ಕೇಳುತ್ತಿರುವವರು ಇನ್ನೂ ಇದ್ದಾರೆ.